ಜಾಮದ ಗಿಡಕ್ಕೆ ಕಟ್ಟಿದ ಗಡಿಗೆ

ಪುಸ್ತಕದವರು ಪೇರಲ ಎನ್ನುತ್ತಾರೆ, ಮೈಸೂರು ಕಡೆಯವರು ಸೀಬೆ ಎನ್ನುತ್ತಾರಂತೆ. ನಮ್ಮ ಬಸವಕಲ್ಯಾಣದಲ್ಲಿ ಅದು ಜಾಮ. ಹೆಸರು ಏನಾದರೂ ಇರಲಿ, ನಮ್ಮ ಹಿತ್ತಲಿನ ಜಾಮ ತಿಂದವರಿಗೆ ಬೇರೆ ಹಿತ್ತಲಿನದು ರುಚಿಸುವುದಿಲ್ಲ. ಸಿಪ್ಪೆ ತೆಳ್ಳಗೆ, ಒಳಗೆ ಕೆಂಪು, ಬೀಜ ಇದ್ದೂ ಇಲ್ಲದ ಹಾಗೆ. ಒಂದು ಹಣ್ಣು ಗೋಡೆಯ ಮಾಡದಲ್ಲಿ ಇಟ್ಟರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಈ ಹಣ್ಣಿನ ಕಾರಣಕ್ಕೆ ನನ್ನ ಅತ್ತೆ ಶೇವಂತಾಬಾಯಿಯನ್ನು ಓಣಿಯವರು ಒಂದು ಮಳೆಗಾಲವಿಡೀ ಮಾಟದವಳು ಎಂದು ಕರೆದರು. ಅದೇ ಓಣಿಯವರು ಈಗ ಪುಟ್ಟಿ ಹಿಡಿದು "ನಾಕ ಹಣ್ಣ ಕೊಡ್ರಿ ಬಾಯಿ" ಎಂದು ಬಾಗಿಲಿಗೆ ಬರುತ್ತಾರೆ. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಅತ್ತೆ ಕೊಡುತ್ತಾಳೆ.

ನಾನು ರಾಜೇಶ್ವರದವಳು. ಈ ಮನೆಗೆ ಸೊಸೆಯಾಗಿ ಬರುವ ಮೊದಲು, 1968ರ ಮಳೆಗಾಲದಲ್ಲಿ ನಡೆದ ಮಾತಿದು. ಆಗ ಮನೆಯಲ್ಲಿ ಅಣ್ಣ ತಮ್ಮ ಇಬ್ಬರು. ಅಣ್ಣ ತುಳಜಾರಾಮ, ಅವರ ಹೆಂಡತಿ ಅಂಬುಬಾಯಿ. ತಮ್ಮ ಬಂಡೆಪ್ಪ ನನ್ನ ಮಾವ, ಅವರ ಹೆಂಡತಿ ನನ್ನ ಅತ್ತೆ. ನನ್ನ ಗಂಡ ಆಗಿನ್ನೂ ಸಣ್ಣ ಹುಡುಗ. ನಾರಾಯಣಪುರದ ದಾರಿಯಲ್ಲಿ ಹೊಲ, ಕೋಟೆಯ ಹತ್ತಿರ ಮನೆ. ಒಂದೇ ಒಲೆ, ಒಂದೇ ಹಿತ್ತಲು. ಹಿತ್ತಲಲ್ಲಿ ಆ ಜಾಮದ ಗಿಡ. ನೆಟ್ಟವಳು ಅಣ್ಣತಮ್ಮಂದಿರ ತಾಯಿ. ಆಕೆ ಹೋಗಿ ಬಹಳ ವರ್ಷವಾಗಿತ್ತು, ಗಿಡಕ್ಕೂ ವಯಸ್ಸಾಗಿತ್ತು. ಹುಳ ಕೊರೆದು ಕಾಂಡ ಟೊಳ್ಳಾಗಿ, ಬಡಿದರೆ ಡಬ್ ಡಬ್ ಎನ್ನುತ್ತಿತ್ತಂತೆ. ಬೀಜದಿಂದ ಸಸಿ ಮಾಡೋಣವೆಂದರೆ ಅದು ಆಗುವ ಮಾತಲ್ಲ. ಓಣಿಯ ಅರ್ಧ ಮಂದಿ ನಮ್ಮ ಹಣ್ಣಿನ ಬೀಜ ಒಯ್ದು ಹಾಕಿದ್ದರು. ಎಲ್ಲರಿಗೂ ಬಂದದ್ದು ಬಿಳಿ ತಿರುಳು, ಕಲ್ಲಿನಂಥ ಬೀಜ.

ಅತ್ತೆಯ ತವರು ಹುಮನಾಬಾದ. ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಮುನ್ನಿ ಬೀ ಎಂಬ ಹೆಂಗಸು ಹಣ್ಣು ಮಾರುತ್ತಿದ್ದಳು. ಅವಳ ಅಣ್ಣಂದಿರದು ತೋಟದ ಕೆಲಸ. ತವರಿಗೆ ಹೋದಾಗ ಅತ್ತೆ ಅವಳ ಮುಂದೆ ಗಿಡದ ಚಿಂತೆ ಹೇಳಿಕೊಂಡಳು.

"ಅಷ್ಟಕ್ಕ ಯಾಕ ಅಳ್ತೀಯವ್ವಾ? ಗುಟಿ ಕಟ್ಟು," ಅಂದಳು ಮುನ್ನಿ ಬೀ. "ಬೆರಳ ದಪ್ಪಂದು ಟೊಂಗಿ ನೋಡಿ ಸುತ್ತ ತೊಗಟಿ ತಗಿ. ಅಲ್ಲಿ ಮಣ್ಣು, ಹಳೀ ಗೊಬ್ಬರ, ತೆಂಗಿನ ನಾರು ಕಲಸಿ ಮೆತ್ತು. ಮ್ಯಾಲ ಗೋಣಿತಟ್ಟ ಸುತ್ತು. ಅದು ಬಿಲ್ಕುಲ್ ಒಣಗಬಾರದು, ನೋಡು. ಮ್ಯಾಲಿನ ಟೊಂಗಿಗಿ ಗಡಗಿ ಕಟ್ಟಿ, ತಳಕ್ಕ ತೂತ ಹಾಕಿ, ಬಟ್ಟಿ ಬತ್ತಿ ಇಳಿಬಿಡು. ಹನಿ ಹನಿ ಬೀಳ್ತಿರಬೇಕು. ಗೋಣಿ ಸಂದ್ಯಾಗಿಂದ ಬಿಳೀ ಬೇರು ಹೊರಗ ಬಂದ್ವು ಅಂದ್ರ ಜಲ್ದಿ ಕೊಯ್ದು ನೆಲಕ್ಕ ಹಚ್ಚು. ತಡಾ ಮಾಡಿದ್ರ ಒಣಗಿ ಹೋಗ್ತಾವ."

ಮೃಗಶಿರ ಮಳೆ ಬಿದ್ದ ಕೂಡಲೇ ಅತ್ತೆ ಹಾಗೆಯೇ ಮಾಡಿದಳು. ಅಂಬುಬಾಯಿ ಆಗ ಮನೆಯಲ್ಲಿರಲಿಲ್ಲ, ತನ್ನ ತವರಿನ ಅಣ್ಣನ ಸೊಸೆಯ ಬಾಣಂತನಕ್ಕೆಂದು ಮನ್ನಾಏಖೇಳ್ಳಿಗೆ ಹೋಗಿದ್ದಳು. ಗಂಡಸರಿಬ್ಬರೂ ಬಿತ್ತನೆಯ ಗಡಿಬಿಡಿಯಲ್ಲಿದ್ದರು. ಗಡಿಗೆ ಹನಿಯತೊಡಗಿತು, ಯಾರೂ ತಿರುಗಿ ನೋಡಲಿಲ್ಲ.

ಅದಾದ ಕೆಲವೇ ದಿನಕ್ಕೆ ತುಳಜಾರಾಮರಿಗೆ ಜ್ವರ ಹತ್ತಿತು. ಇಳಿಯಲೇ ಇಲ್ಲ. ಡಾಕ್ಟರು ವಿಷಮಜ್ವರ ಎಂದರು, ಗಂಜಿ ಬಿಟ್ಟು ಬೇರೇನೂ ಕೊಡಬೇಡಿ ಎಂದರು. ಸುದ್ದಿ ಮುಟ್ಟಿ ಅಂಬುಬಾಯಿ ಸಿಕ್ಕ ಬಸ್ಸು ಹತ್ತಿ ಬಂದಳು. ಗಂಡನ ಹಾಸಿಗೆಯ ಹತ್ತಿರ ಕುಳಿತು, ಹಣೆ ಮುಟ್ಟಿ, ತಲೆ ಎತ್ತಿದರೆ ಕಿಟಕಿಯಾಚೆ ಕಂಡದ್ದು ಜಾಮದ ಗಿಡ. ಗಿಡದಲ್ಲಿ ಹನಿಯುತ್ತಿರುವ ಗಡಿಗೆ.

ನಮ್ಮ ಮಂದಿಯಲ್ಲಿ ಯಾರಾದರೂ ಸತ್ತರೆ, ಹೋದ ಜೀವಕ್ಕೆ ನೀರಡಿಕೆಯಾಗಬಾರದೆಂದು ತಳ ತೂತು ಮಾಡಿದ ಗಡಿಗೆಯನ್ನು ಗಿಡಕ್ಕೆ ಕಟ್ಟುತ್ತಾರೆ. ದಿನಕರ್ಮ ಮುಗಿಯುವವರೆಗೂ ಅದು ಹನಿಯುತ್ತಿರಬೇಕು. ಗಿಡದಲ್ಲಿ ಹನಿಯುವ ಗಡಿಗೆ ಎಂದರೆ ನಮ್ಮಲ್ಲಿ ಸಾವು, ಅದಕ್ಕೆ ಇನ್ನೊಂದು ಅರ್ಥ ಇಲ್ಲ. ಅತ್ತೆಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕಟ್ಟುವಾಗ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದರು, ಅವಳ ತಲೆಯಲ್ಲಿ ಬರೀ ಬೇರಿನ ಚಿಂತೆಯೇ ತುಂಬಿತ್ತು. ಜ್ವರ ಬಂದ ಮೇಲಾದರೂ ಇಳಿಸಬಾರದಿತ್ತೇ ಎಂದು ನಾನು ಎದುರಿಗೇ ಕೇಳಿದ್ದೇನೆ. "ಇಳಿಸಿದ್ರ ಒಣಗ್ತಿತ್ತಲ್ಲ," ಅನ್ನುತ್ತಾಳೆ. ಇಂಥವಳಿಗೆ ಏನು ಹೇಳುವುದು?

ಅಂಬುಬಾಯಿಯ ಚೀರಾಟಕ್ಕೆ ಓಣಿಯೇ ಹಿತ್ತಲಿಗೆ ಬಂತು. "ಜೀವಂತ ಮನಷಾಗ ಗಡಗಿ ಕಟ್ಯಾಳ್ರಿ ಈಕಿ! ಭಾನಾಮತಿ ಮಾಡ್ಯಾಳ! ಟೊಂಗಿಗಿ ಏನೋ ಕಟ್ಯಾಳ, ನೋಡ್ರಿ, ಹೆಣಕ್ಕ ಸುತ್ತಿದಂಗ ಸುತ್ಯಾಳ!"

ಭಾನಾಮತಿ ಎಂಬ ಮಾತು ನಮ್ಮ ಕಡೆ ಸಣ್ಣದಲ್ಲ. ಆ ಹೆಸರು ಒಮ್ಮೆ ಅಂಟಿತೆಂದರೆ ಹೆಂಗಸಿಗೆ ಗಂಡನ ಮನೆಯೂ ಇಲ್ಲ, ತವರೂ ಇಲ್ಲ. ಅಂಥ ಒಬ್ಬಳನ್ನು ಹೊಡೆದು ಊರು ಬಿಡಿಸಿದ್ದನ್ನು ಅತ್ತೆ ಚಿಕ್ಕವಳಿದ್ದಾಗ ಕಣ್ಣಾರೆ ಕಂಡಿದ್ದಳು.

ಓಣಿಗೆ ಹಿರಿಯ ಏಕನಾಥ. ಅವನು ಮುಂದೆ ಬಂದು ಕೇಳಿದ: "ಏನದವ್ವಾ ಅದರಾಗ?"

"ಮಣ್ಣದರಿ. ಬೇರು ಬರಲಿ ಅಂತ ಕಟ್ಟೀನ್ರಿ."

"ಯಾವ ಮಣ್ಣು? ಸುಡುಗಾಡದ್ದೇನು?"

ಇದಕ್ಕೆ ಯಾವ ಉತ್ತರ ಕೊಟ್ಟರೆ ನಂಬುತ್ತಿದ್ದರು? ಬಿಚ್ಚಿ ತೋರಿಸಿದರೆ ಕಾಣುವುದು ಮಣ್ಣೇ, ಮತ್ತೆ ಅದೇ ಮಾತು. ಬೇರು ಹೊರಗೆ ಬಂದರೆ ಮಾತ್ರ ಅವಳ ಮಾತು ನಿಜವಾಗಬೇಕು. ಅಷ್ಟರೊಳಗೆ ಭಾವ ಸತ್ತರೆ ಬೇರು ಬಂದೂ ಉಪಯೋಗವಿಲ್ಲ.

ಅಂಬುಬಾಯಿ ಕುಡಗೋಲು ತಂದು ಟೊಂಗೆ ಕಡಿಯಲು ಹೊರಟಳು. ತಿಳಿದವರನ್ನು ಕೇಳದೆ ಕೈ ಹಾಕಬೇಡ ಎಂದು ಏಕನಾಥನೇ ತಡೆದ. ಅವಳು ಒಬ್ಬ ಮಂತ್ರವಾದಿಯ ಹತ್ತಿರ ಹೋಗಿ, ಮುಖ ಬಿಳುಚಿಸಿಕೊಂಡು ತಿರುಗಿ ಬಂದಳು. ಅವನು ಹೇಳಿದ್ದಿಷ್ಟು: ನಿನ್ನ ಗಂಡನ ಜೀವ ಆ ಗಂಟಿನಲ್ಲಿದೆ, ಅದು ಒಣಗಿದರೆ ಅವನು ಒಣಗುತ್ತಾನೆ, ಅದನ್ನು ಕಡಿದರೆ ಅವನು ಹೋಗುತ್ತಾನೆ.

ಅಂದಿನಿಂದ ನಡೆದದ್ದನ್ನು ನೆನೆಸಿದರೆ ನನಗೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ. ಅಂಬುಬಾಯಿ ಗಡಿಗೆ ಒಡೆದುಹಾಕಿದಳು, ಆದರೆ ಗಂಟನ್ನು ಮುಟ್ಟಲಿಲ್ಲ. ತಾನೇ ತಂಬಿಗೆ ಹಿಡಿದು ಹೊತ್ತುಹೊತ್ತಿಗೆ ಅದಕ್ಕೆ ನೀರು ಹನಿಸತೊಡಗಿದಳು. ಗಂಡನಿಗೆ ಗಂಜಿ ಕುಡಿಸುವುದು, ಗಂಟಿಗೆ ನೀರು ಕುಡಿಸುವುದು, ಎರಡೂ ಅವಳದೇ ಕೆಲಸ. ಮಾಟ ಎಂದು ಬೈದವಳೇ ಅದಕ್ಕೆ ದಾದಿಯಾದಳು. ಅತ್ತೆ ಮಾತ್ರ ಹಿತ್ತಲಿಗೆ ಕಾಲಿಡುವಂತಿಲ್ಲ. ಒಲೆ ಬೇರೆಯಾಯಿತು. ಬಾವಿಯಲ್ಲಿ ಅವಳು ಹಗ್ಗ ಬಿಟ್ಟರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು.

ಮಾವ ಒಳ್ಳೆಯವರು, ಆದರೆ ಎದುರು ನಿಲ್ಲುವ ಜಾಯಮಾನದವರಲ್ಲ. "ನಾಕ ದಿನ ಹುಮನಾಬಾದಕ ಹೋಗಿ ಬಾ," ಅಂದರು. "ಅಣ್ಣಗ ಆರಾಮ ಆಗಲಿ, ಆಮ್ಯಾಲ ನೋಡೂಣು."

"ಇವತ್ತ ಹೋದ್ರ ನಾನೇ ಮಾಡೀನಿ ಅಂತ ಒಪ್ಪಿದಂಗ," ಅಂದಳು ಅತ್ತೆ. "ನಾ ಹೋಗಂಗಿಲ್ಲ. ಹೊಡೀತಾರಂದ್ರ ಇಲ್ಲೇ ಹೊಡೀಲಿ."

ಜ್ವರ ಒಂದು ದಿನ ಇಳಿದಂತೆ ಮಾಡಿ ಮರುದಿನ ಏರುತ್ತಿತ್ತು. ತುಳಜಾರಾಮ ಕನವರಿಸಿದ ದಿನ ಓಣಿಯ ಗಂಡಸರು ಮನೆ ಮುಂದಿನ ಕಟ್ಟೆಯ ಮೇಲೆ ಬಂದು ಕುಳಿತರು, ಕೆಲವರ ಕೈಯಲ್ಲಿ ಬಡಿಗೆ ಇತ್ತು. ಯಾಕೆ ಕುಳಿತಿದ್ದಾರೆಂದು ಅತ್ತೆಗೆ ಯಾರೂ ಹೇಳಬೇಕಾಗಿರಲಿಲ್ಲ. ಬಾಗಿಲ ಸಂದಿಯಿಂದ ಅವಳು ಗಂಟನ್ನು ನೋಡುತ್ತಿದ್ದಳು. ಅಂಬುಬಾಯಿ ಸುರಿಯುವ ನೀರು ಹೆಚ್ಚಾಯಿತೆಂದು, ಹೀಗೆ ಸುರಿದರೆ ಕೊಳೆಯುತ್ತದೆಂದು ಕೂಗಿ ಹೇಳಬೇಕೆನಿಸುತ್ತಿತ್ತಂತೆ. ಹೇಳಿದರೆ ಮುಗಿಯಿತು, ಅದೂ ಮಾಟದ ಮಾತೇ.

ಆಷಾಢ ಮುಗಿಯುವ ಹೊತ್ತಿಗೆ ಜ್ವರ ಬಿಟ್ಟಿತು. ತುಳಜಾರಾಮ ಎದ್ದು ಕುಳಿತರು, ಅನ್ನ ಕೇಳಿದರು. ಅಂಬುಬಾಯಿ ಓಣಿಯೆಲ್ಲ ಹೇಳಿಕೊಂಡು ಬಂದಳು, ತಾನು ನೀರು ಹಾಕಿದ್ದಕ್ಕೇ ಗಂಡ ಉಳಿದನೆಂದು. ಅದೇ ವಾರ ಅತ್ತೆಗೆ ಸಂದಿಯಿಂದಲೇ ಕಂಡಿತು: ಗೋಣಿತಟ್ಟಿನ ಹೊರಗೆ ಬಿಳಿ ಎಳೆಗಳು.

ಬೇರು ಬಂದಿತ್ತು. ಕೊಯ್ಯಬೇಕಿತ್ತು. ಹಳೆಯ ಗಿಡ ಪ್ರತಿ ಗಾಳಿಗೂ ಲಟಲಟ ಎನ್ನುತ್ತಿತ್ತು, ಅದು ಬಿದ್ದರೆ ಗಂಟೂ ಹೋಗುತ್ತಿತ್ತು. ಅದಕ್ಕಿಂತ ದೊಡ್ಡ ಮಾತು ಬೇರೆ. ಕಟ್ಟಿದ್ದು ಹಾಗೆಯೇ ಉಳಿದರೆ ಅತ್ತೆ ಸಾಯುವವರೆಗೂ ಭಾವನ ಜೀವ ಕಟ್ಟಿಟ್ಟವಳೇ. ಭಾವನಿಗೆ ಮುಂದೆ ನೆಗಡಿ ಬಂದರೂ ಅವಳ ಮೇಲೆಯೇ.

ಒಂದು ಬೆಳಿಗ್ಗೆ ಅವಳು ಕುಡಗೋಲು ತೆಗೆದುಕೊಂಡು ನೇರ ಹಿತ್ತಲಿಗೆ ನಡೆದಳು.

ಅಂಬುಬಾಯಿ ಗಿಡಕ್ಕೆ ಅಡ್ಡ ನಿಂತಳು. ಓಣಿ ಮತ್ತೆ ಸೇರಿತು. "ಕುಡಗೋಲ ಕೆಳಗ ಇಡು!" ಎಂದು ಏಕನಾಥ ಗದರಿದ. ಅತ್ತೆ ಇಡಲಿಲ್ಲ.

"ಅಕ್ಕಾ, ಬಾಜೂಕ ಸರಿ. ಬೇರು ಬಂದಾವ, ಕಣ್ಣಿಲೆ ನೋಡು. ಇದು ಗಿಡ ಅದ, ಮಾಟ ಅಲ್ಲ."

ಅಂಬುಬಾಯಿ ಬೇರು ನೋಡಲಿಲ್ಲ. ಅತ್ತೆಯ ಕೈ ನೋಡುತ್ತಿದ್ದಳು. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ, ಆ ಹಿರಿಯ ನೆಗೆಣ್ಣಿ ಕೆಸರಿನಲ್ಲಿ ಕುಸಿದು ಕಿರಿಯವಳ ಕಾಲು ಹಿಡಿದುಬಿಟ್ಟಳು. "ನನ್ನ ಕುಂಕುಮ ಉಳಸು, ಶೇವಂತಿ. ಏನ ಬೇಕ ತಗೋ. ಅದನ್ನ ಮಾತ್ರ ಕಡೀಬ್ಯಾಡ."

ಅತ್ತೆಯ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಬೈದಿದ್ದರೆ ಕಡಿಯುತ್ತಿದ್ದೆ, ಕಾಲು ಹಿಡಿದಳಲ್ಲ, ಕೈ ಏಳಲಿಲ್ಲ ಎನ್ನುತ್ತಾಳೆ. ಎತ್ತಿದ ಕುಡಗೋಲು ಹಾಗೆಯೇ ನಿಂತಿತು.

ಆಗ ಹಿಂದಿನಿಂದ ಒಂದು ಧ್ವನಿ. "ಶೇವಂತಾ, ಕೊಡು ಇಲ್ಲಿ."

ತುಳಜಾರಾಮ ಗೋಡೆ ಹಿಡಿದು ಬಂದು ನಿಂತಿದ್ದರು. ತಮ್ಮನ ಹೆಂಡತಿಯೊಡನೆ ಭಾವ ನೇರ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರು ಅತ್ತೆಯ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅತ್ತೆ ಸೆರಗು ಎಳೆದುಕೊಂಡು, ಮುಖ ತಗ್ಗಿಸಿ, ಕುಡಗೋಲು ಚಾಚಿದಳು.

"ಬ್ಯಾಡ್ರಿ! ನಿಮ್ಮ ಕೈಲೆ ನೀವೇ..." ಅಂಬುಬಾಯಿ ಕೆಸರಿನಿಂದಲೇ ಅವರ ಕಡೆ ಕೈ ಚಾಚಿದಳು.

"ನನ್ನ ಜೀವ ಅದರಾಗ ಅದ ಅಂದ್ರ ಕೊಯ್ಯವ ನಾನೇ," ಅಂದರು ಅವರು. "ಮಂದಿ ಕೈಯಾಗ ಯಾಕ ಕೊಡ್ಲಿ?"

ಜ್ವರ ಹೀರಿದ ಕೈ, ಬಲವಿರಲಿಲ್ಲ. ಒಂದೇ ಏಟಿಗೆ ಆಗಲಿಲ್ಲ. ಅವರು ಕೊಯ್ಯುತ್ತಲೇ ಇದ್ದರು, ಅಂಬುಬಾಯಿ ಕೆಸರುಗೈಯಿಂದ ಮುಖ ಮುಚ್ಚಿಕೊಂಡಿದ್ದಳು. ಟೊಂಗೆ ಕಟಕ್ಕೆಂದು ಕೈಗೆ ಬಂತು. ಅದನ್ನು ಅತ್ತೆಯ ಕೈಗೆ ಕೊಟ್ಟ ತುಳಜಾರಾಮ ಹಾಗೆಯೇ ಕುಸಿದು ನೆಲಕ್ಕೆ ಕುಳಿತರು.

ಹೆಂಗಸರು ಹೋ ಎಂದರು. ಯಾರೋ ಅತ್ತೆಯ ರಟ್ಟೆ ಹಿಡಿದರು. ಏಕನಾಥ ಬಗ್ಗಿ ಅವರ ಮೂಗಿನ ಹತ್ತಿರ ಕೈ ಹಿಡಿದ.

"ಸತ್ತಿಲ್ಲೋ ಮಾರಾಯಾ," ಅಂದರು ತುಳಜಾರಾಮ. "ಕಾಲ ಸೋತಾವ. ಜರಾ ನೀರ ಕೊಡ್ರಿ." ಅಂಬುಬಾಯಿಯ ತಂಬಿಗೆಯಲ್ಲಿ ಗಂಟಿಗೆಂದು ತಂದ ನೀರಿತ್ತು. ಅದನ್ನೇ ಕುಡಿದರು. ರಟ್ಟೆ ಹಿಡಿದಿದ್ದ ಕೈ ತಾನಾಗಿ ಬಿಟ್ಟಿತು.

ಅತ್ತೆ ಅದನ್ನು ಹಿತ್ತಲಲ್ಲೇ ನೆಟ್ಟಳು, ಗಿಡ ಹತ್ತಿತು. ಹಳೆಯದು ಆ ಮಳೆಗಾಲದಲ್ಲೇ ಬಿತ್ತು. ಓಣಿಯವರು ಎಲ್ಲ ಮರೆತರು, ಮರೆಯಲು ಅವರಿಗೇನು ಕಷ್ಟ? ತಪ್ಪಾಯಿತು ಎಂದು ಒಬ್ಬರೂ ಅನ್ನಲಿಲ್ಲ. ಅಂಬುಬಾಯಿ ಕೂಡ ಅನ್ನಲಿಲ್ಲ. ಒಲೆ ಒಂದಾಯಿತು, ಆದರೆ ಆ ಭಾನಾಮತಿಯ ಮಾತು ಇಬ್ಬರ ನಡುವೆ ಹಾಗೆಯೇ ಇತ್ತು. ನಾನು ಸೊಸೆಯಾಗಿ ಬಂದಾಗಲೂ ಗಿಡಕ್ಕೆ ಎಲ್ಲರಿಗಿಂತ ಮೊದಲು ನೀರು ಹಾಕುವವಳು ಅಂಬುಬಾಯಿಯೇ. ಗಂಡ ಕೆಮ್ಮಿದರೆ ಎದ್ದು ಹಿತ್ತಲಿಗೆ ಹೋಗಿ ಎಲೆ ನೋಡಿ ಬರುತ್ತಿದ್ದಳು. ನನಗೆ ಅವಳ ಮೇಲೆ ಬಹಳ ದಿನ ಸಿಟ್ಟಿತ್ತು. ಅತ್ತೆಯ ಪರವಾಗಿ ನಾನೇ ಸಿಟ್ಟು ಇಟ್ಟುಕೊಂಡಿದ್ದೆ ಎನ್ನಿ.

1984ರ ಚಳಿಗಾಲದಲ್ಲಿ, ಗಿಡದ ತುಂಬ ಹಣ್ಣಿರುವಾಗ, ತುಳಜಾರಾಮ ಮಲಗಿದಲ್ಲೇ ಹೋದರು. ದೊಡ್ಡ ವಯಸ್ಸು, ನೋವಿಲ್ಲದ ಸಾವು. ಗಡಿಗೆ ಕಟ್ಟುವ ಹೊತ್ತು ಬಂತು. ಗಂಡಸರು ಕಟ್ಟುವ ಗಡಿಗೆ ಅದು. ಮುದುಕನಾಗಿದ್ದ ಏಕನಾಥ ಗುಡಿಯ ಹತ್ತಿರದ ಅರಳಿಗೆ ಕಟ್ಟೋಣವೆಂದ.

"ಬ್ಯಾಡ. ಜಾಮದ ಗಿಡಕ್ಕ ಕಟ್ರಿ," ಅಂದಳು ಅಂಬುಬಾಯಿ. ಎಲ್ಲರೂ ಅತ್ತೆಯ ಮುಖ ನೋಡಿದರು.

ಮಾವ ಗಡಿಗೆ ತೆಗೆದುಕೊಳ್ಳಲು ಕೈ ಚಾಚಿದರು. ಅಂಬುಬಾಯಿ ಕೊಡಲಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅತ್ತೆಯ ಮುಂದೆ ಇಟ್ಟಳು. "ನೀ ಕಟ್ಟು, ಶೇವಂತಿ. ನಿನ್ನ ಕೈಲೆ ಕಟ್ಟಿದ್ರ ಅವರಿಗಿ ನೀರು ಮುಟ್ತದ."

ಒಂದು ಮಳೆಗಾಲವಿಡೀ ಬೈಸಿಕೊಂಡಾಗ ಒಂದು ಹನಿ ಕಣ್ಣೀರು ಹಾಕದವಳು ನನ್ನ ಅತ್ತೆ. ಅಂದು ತಳಕ್ಕೆ ತೂತು ಹಾಕಿ ಬತ್ತಿ ಪೋಣಿಸುವಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಅಂಬುಬಾಯಿ ಟೊಂಗೆ ಬಗ್ಗಿಸಿ ಹಿಡಿದಳು, ಅತ್ತೆ ಗಂಟು ಹಾಕಿದಳು. ಗಡಿಗೆ ಹನಿಯತೊಡಗಿದ ಮೇಲೂ ಇಬ್ಬರೂ ಒಳಗೆ ಬರಲಿಲ್ಲ, ನಾನೇ ಹೋಗಿ ಕರೆತಂದೆ.