ಓಸಾಕಾ ಕಾರ್ಟ್ ಪ್ರವಾಸದ ಏಳನೆಯ ನಿಯಮ

2023ರಲ್ಲಿ ನಾನು ಬೆಂಗಳೂರಿನ ಇಂದಿರಾನಗರದ ಒಂದು ಪ್ರವಾಸ ಸಂಸ್ಥೆಯಲ್ಲಿ ಟೂರ್ ಮ್ಯಾನೇಜರ್ ಆಗಿದ್ದೆ. ಜಪಾನಿ ಭಾಷೆ ಬರುತ್ತಿದ್ದುದರಿಂದ ಅಲ್ಲಿಗೆ ಹೋಗುವ ತಂಡಗಳಿಗೆ ದುಭಾಷಿಯೂ ನಾನೇ. ಅಲ್ಲಿಂದ ಬರುವ ಕರಾರು, ಸೂಚನೆಗಳನ್ನು ಕನ್ನಡಕ್ಕೆ ಅನುವಾದಿಸುವುದೂ ನನ್ನ ಪಾಲಿಗೇ ಬರುತ್ತಿತ್ತು. ಹದಿನೆಂಟು ವರ್ಷಗಳ ಕೆಲಸದಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವರನ್ನು, ರೈಲು ತಪ್ಪಿಸಿಕೊಂಡವರನ್ನು, ಚಟ್ನಿಪುಡಿ ಡಬ್ಬಿ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದು ಅತ್ತವರನ್ನು ಕಂಡಿದ್ದೇನೆ. ಅವನ್ನೆಲ್ಲ ನಗುತ್ತ ಹೇಳಬಲ್ಲೆ. ಓಸಾಕಾದ ಆ ಒಂದು ಮಧ್ಯಾಹ್ನವನ್ನು ಮಾತ್ರ ಹಾಗೆ ಹೇಳಲಾರೆ.

ಜಪಾನಿನ ಕೆಲವು ನಗರಗಳಲ್ಲಿ ಗೋ-ಕಾರ್ಟ್ ಓಡಿಸುತ್ತ ಊರು ನೋಡಬಹುದು. ನೆಲಕ್ಕೆ ತಾಗುವಷ್ಟು ತಗ್ಗಾದ, ಮೇಲ್ಛಾವಣಿಯಿಲ್ಲದ ಪುಟ್ಟ ಗಾಡಿ ಅದು. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇದ್ದವರು ಗೈಡ್‌ನ ಹಿಂದೆ ಸಾಲಾಗಿ ನಿಜವಾದ ರಸ್ತೆಯಲ್ಲೇ ಹೋಗುತ್ತಾರೆ. ನಮ್ಮ ಕಚೇರಿ ಇದಕ್ಕೆ ನೆನಪಿನ ವಸ್ತುಗಳ ಖರೀದಿಯನ್ನು ಜೋಡಿಸಿತು. ಕಾರ್ಟ್ ಏರುವುದು, ಅರ್ಧದಾರಿಯಲ್ಲಿ ಒಂದು ಅಂಗಡಿಗೆ ಇಳಿಯುವುದು, ಕೊಂಡು ಮತ್ತೆ ಏರುವುದು. ಆ ಅಂಗಡಿಗೂ ನಮ್ಮ ಕಚೇರಿಗೂ ಒಪ್ಪಂದವಿತ್ತು. ಎರಡು ಕೆಲಸ ಒಂದೇ ಮಧ್ಯಾಹ್ನ ಮುಗಿದರೆ ಪ್ರವಾಸದಲ್ಲಿ ಅರ್ಧ ದಿನ ಉಳಿಯುತ್ತಿತ್ತು.

ಕಾರ್ಟ್ ಕಂಪನಿಯವರು ಕಳಿಸಿದ ಹಾಳೆಯಲ್ಲಿ ಹನ್ನೊಂದು ನಿಯಮಗಳಿದ್ದವು. ಏಳನೆಯದು ಹೀಗಿತ್ತು: ಚೀಲ, ಶಾಲು, ಉದ್ದ ಪಟ್ಟಿಯಿರುವ ಯಾವ ವಸ್ತುವನ್ನೂ ಗಾಡಿಯಲ್ಲಿ ಒಯ್ಯಬಾರದು, ಅದು ಹಿಂದಿನ ಆಕ್ಸಲ್‌ಗೆ ಸುತ್ತಿಕೊಳ್ಳಬಹುದು. ಆಕ್ಸಲ್ ಎಂದರೆ ಎರಡು ಚಕ್ರಗಳನ್ನು ಕೂಡಿಸುವ ಕಬ್ಬಿಣದ ದಂಡ. ಈ ಗಾಡಿಗಳಲ್ಲಿ ಅದು ಸೀಟಿನ ಬೆನ್ನಿಗೇ ತೆರೆದುಕೊಂಡು ತಿರುಗುತ್ತಿರುತ್ತದೆ. ಅನುವಾದಿಸುವಾಗಲೇ ನಾನು ನಮ್ಮ ಕಚೇರಿಯ ಮ್ಯಾನೇಜರನ್ನು ಕೇಳಿದೆ, ಹಾಗಾದರೆ ಕೊಂಡ ಸಾಮಾನು ಎಲ್ಲಿಡುವುದು ಎಂದು. ಅದನ್ನು ಅಲ್ಲಿಯವರು ನೋಡಿಕೊಳ್ಳುತ್ತಾರೆ ಎಂದರು. ಹಿಂದೆ ಒಂದು ವ್ಯಾನ್ ಬರುತ್ತದೆ ಎಂದು ನಾನೇ ಊಹಿಸಿಕೊಂಡೆ. ಹನ್ನೊಂದು ನಿಯಮಗಳನ್ನೂ ಅನುವಾದಿಸಿ ಕೊಟ್ಟೆ. ಕನ್ನಡದ ಹಾಳೆ ಓದಲು ಕೊಟ್ಟು ಪ್ರಯಾಣಿಕರಿಂದ ಜಪಾನಿ ಹಾಳೆಗೆ ಸಹಿ ಹಾಕಿಸಿದ ದಿನ ನಾನು ಬೇರೆ ತಂಡದ ಜೊತೆ ಹೊರಗಿದ್ದೆ.

ತಂಡದಲ್ಲಿ ಹದಿನಾಲ್ಕು ಜನ. ಬಹುಪಾಲು ವಿಮಾನಪುರದವರು, ಅಲ್ಲಿಯ ವಿಮಾನ ಕಾರ್ಖಾನೆಯಿಂದ ನಿವೃತ್ತರಾದವರು. ಕಾರ್ಟ್ ಓಡಿಸಲು ಹೆಸರು ಕೊಟ್ಟ ಆರು ಮಂದಿಯಲ್ಲಿ ಹೆಂಗಸೆಂದರೆ ಶಾಂತಲಾ ಒಬ್ಬರೇ. ಮೆಷಿನ್ ಶಾಪ್‌ನಲ್ಲಿ ಲೋಹ ಕಡೆಯುವ ಯಂತ್ರಗಳ ನಡುವೆ ಮೂವತ್ತೊಂದು ವರ್ಷ ಕೆಲಸ ಮಾಡಿದವರು. ಅವರ ಗಂಡ ನಾಗರಾಜ್‌ಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಓಸಾಕಾದ ಕಾರ್ಟ್ ಗ್ಯಾರೇಜಿನ ಮುಂದೆ ಹೆಂಡತಿಗೆ ಹೆಲ್ಮೆಟ್ ಕೊಡುತ್ತ, "ನಿಧಾನಕ್ಕೆ ಹೋಗೇ. ಜಾಮ್ ಮಾಡಿ ಓಸಾಕಾನ ಕೆ.ಆರ್. ಪುರ ಬ್ರಿಡ್ಜ್ ಮಾಡ್ಬೇಡ," ಎಂದರು. "ನೀವು ಬಸ್ಸಲ್ಲಿ ಕೂತ್ಕೊಂಡು ಕೈ ಬೀಸಿ ಸಾಕು," ಎಂದರು ಶಾಂತಲಾ. ಎಲ್ಲರೂ ನಕ್ಕೆವು.

ಉಳಿದವರ ಬಸ್ಸು ಬೇರೆ ದಾರಿ ಹಿಡಿದಿತ್ತು. ಹಿಂದೆ ವ್ಯಾನ್ ಇರಲಿಲ್ಲ. ಅದು ನನಗೆ ಗೊತ್ತಾದದ್ದು ಅಂಗಡಿಯಿಂದ ಹೊರಗೆ ಬಂದ ಮೇಲೆ. ಶಾಂತಲಾ ಮೊಮ್ಮಗಳಿಗೆಂದು ಗಾಜಿನ ಗಾಳಿಗಂಟೆ ಕೊಂಡಿದ್ದರು. ಅಂಗಡಿಯವರು ಅದನ್ನು ಉದ್ದ ಪಟ್ಟಿಯ ಬಟ್ಟೆಚೀಲದಲ್ಲಿ ಹಾಕಿ ಕೊಟ್ಟಿದ್ದರು. ಇದನ್ನು ಎಲ್ಲಿಡಲಿ ಎಂದು ಅವರು ನನ್ನನ್ನು ಕೇಳಿದರು. ನಾನು ಗೈಡ್‌ನನ್ನು ಕೇಳಿದೆ. ನಿಯಮದ ಪ್ರಕಾರ ಒಯ್ಯುವಂತಿಲ್ಲ, ಆದರೆ ನಿಮ್ಮ ಕಚೇರಿಯವರು ಸಣ್ಣ ವಸ್ತುಗಳಿಗೆ ಅವಕಾಶ ಕೊಡಿ ಎಂದು ವಿಶೇಷವಾಗಿ ಬರೆದು ಒಪ್ಪಿಸಿದ್ದಾರೆ ಎಂದು ಆತ ಫೋನಿನಲ್ಲಿ ನಮ್ಮ ಮ್ಯಾನೇಜರ್ ಕಳಿಸಿದ ಮೇಲ್ ತೋರಿಸಿದ. ಆತನಿಗೆ ಅದು ಇಷ್ಟವಿರಲಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು. ಸಣ್ಣದಾದರೆ ಪರವಾಗಿಲ್ಲವಂತೆ ಎಂದು ನಾನು ಶಾಂತಲಾ ಅವರಿಗೆ ಹೇಳಿದೆ.

ಅವರು ಗಾಡಿಯಲ್ಲಿ ಕೂತರು. ಸೀಟಿನ ಹಿಂದಕ್ಕೆ ಬಗ್ಗಿ ಆಕ್ಸಲ್ ನೋಡಿದರು. ಚೀಲದ ಪಟ್ಟಿಯನ್ನು ಎತ್ತಿ ಹಿಡಿದು, "ಮೇಡಂ, ಇದು ಉದ್ದ ಇದೆ. ಸಿಕ್ಕಾಕೊಂಡ್ರೆ?" ಎಂದು ಕೇಳಿದರು.

ನಾವು ಆಗಲೇ ಹನ್ನೆರಡು ನಿಮಿಷ ತಡವಾಗಿದ್ದೆವು. "ಕೈಗೆ ಸುತ್ಕೊಂಡ್ಬಿಡಿ," ಎಂದೆ. ಅವರು ಪಟ್ಟಿಯನ್ನು ಎಡಗೈಗೆ ಸುತ್ತಿಕೊಂಡರು.

ಅವರ ಹಿಂದಿನ ಗಾಡಿ ನನ್ನದು. ಮೂರನೆಯ ಸಿಗ್ನಲ್ ಹಸಿರಾಯಿತು. ಗಾಡಿ ಹೊರಟ ಧಕ್ಕೆಗೆ ಚೀಲ ಅವರ ತೊಡೆಯಿಂದ ಜಾರಿ ಎಡಕ್ಕೆ ಬಿತ್ತು. ಆಕ್ಸಲ್‌ಗೆ ಸುತ್ತಿಕೊಂಡು ಪಟ್ಟಿ ಬಿಗಿಯಾಯಿತು. ಅವರ ಎಡಗೈ ಬೆನ್ನ ಹಿಂದಕ್ಕೆ, ಕೈ ಹೋಗಬಾರದ ದಿಕ್ಕಿಗೆ ಹೋಯಿತು. ಅವರು ಕಿರುಚಲಿಲ್ಲ. ಬ್ರೇಕ್ ಒತ್ತಿದರು. ಗಾಡಿ ಹೆಚ್ಚೆಂದರೆ ಎರಡು ಅಡಿ ಸಾಗಿ ನಿಂತಿತು. ನಾನು ಓಡಿ ಹೋಗುವಷ್ಟರಲ್ಲಿ ಬಲಗೈಯಿಂದ ಎಂಜಿನ್ ಕೂಡ ಆರಿಸಿದ್ದರು. ಗಾಜು ಒಡೆದ ಸದ್ದು ನನಗೆ ಕೇಳಿಸಿರಲೇ ಇಲ್ಲ, ಚೂರುಗಳು ರಸ್ತೆಯಲ್ಲಿದ್ದವು. ಮುಂಗೈಯ ಎರಡೂ ಮೂಳೆ ಮುರಿದಿದ್ದವು, ಭುಜದ ಕೀಲು ತಪ್ಪಿತ್ತು. ಅವರು ಬ್ರೇಕ್ ಒತ್ತುವುದು ಇನ್ನೊಂದು ಕ್ಷಣ ತಡವಾಗಿದ್ದರೆ ಕೈಯೇ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ನನ್ನ ಮೂಲಕ ನಾಗರಾಜ್‌ಗೆ ಹೇಳಿದರು.

ಆಸ್ಪತ್ರೆಗೆ ಕಾರ್ಟ್ ಕಂಪನಿಯ ಅಧಿಕಾರಿಯೊಬ್ಬರು ಬಂದು ತಲೆಬಾಗಿ ನಿಂತರು. ಆಮೇಲೆ ಫೈಲಿನಿಂದ ಶಾಂತಲಾ ಸಹಿ ಹಾಕಿದ್ದ ಜಪಾನಿ ಹಾಳೆ ತೆಗೆದು ಏಳನೆಯ ನಿಯಮಕ್ಕೆ ಬೆರಳಿಟ್ಟು ತೋರಿಸಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ನಾಗರಾಜ್ ತಮ್ಮ ಪ್ಲಾಸ್ಟಿಕ್ ಫೋಲ್ಡರಿನಿಂದ ಕಚೇರಿ ಕೊಟ್ಟಿದ್ದ ಕನ್ನಡದ ಹಾಳೆ ತೆಗೆದು ಎರಡು ಸಲ ಓದಿದರು. "ಇದ್ರಲ್ಲಿ ಅದು ಇಲ್ವಲ್ಲ ಮೇಡಂ."

ನಾನು ಎಣಿಸಿದೆ. ಹತ್ತು ನಿಯಮಗಳಿದ್ದವು. ನನ್ನದೇ ಕನ್ನಡ, ನನ್ನದೇ ವಾಕ್ಯಗಳು. ಆರರ ನಂತರ ಎಂಟನೆಯದು ಬಂದು ಅದಕ್ಕೆ ಏಳು ಎಂದು ನಂಬರು ಹಾಕಲಾಗಿತ್ತು.

ಕಾರಿಡಾರಿನಿಂದ ಮ್ಯಾನೇಜರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ಉಳಿದವರ ಡಿನ್ನರ್ ತಪ್ಪಲಿಲ್ಲ ತಾನೆ ಎಂದು. ನಿಯಮದ ಬಗ್ಗೆ ಕೇಳಿದಾಗ ಅವರ ದನಿಯಲ್ಲಿ ಅಳುಕೇ ಇರಲಿಲ್ಲ. "ನಾನೇ ತೆಗೆಸ್ದೆ ಮೇಡಂ. ಪ್ಯಾಕೇಜ್ ಹೆಸರಲ್ಲೇ ಶಾಪಿಂಗ್ ಇದೆ. ಸಾಮಾನು ತರಂಗಿಲ್ಲ ಅಂತ ಕೆಳಗೆ ಬರೆದ್ರೆ ಯಾರು ಬುಕ್ ಮಾಡ್ತಾರೆ?"

ಬೆಂಗಳೂರಿಗೆ ಮರಳಿದ ನಾಲ್ಕನೆಯ ದಿನ ನನ್ನ ಮೇಜಿನ ಮೇಲೆ ಒಂದು ಹೇಳಿಕೆ ಸಿದ್ಧವಾಗಿತ್ತು. ಹನ್ನೊಂದೂ ನಿಯಮಗಳನ್ನು ನಾನು ಬಾಯಿಮಾತಿನಲ್ಲಿ ವಿವರಿಸಿದ್ದೆನೆಂದೂ, ಪ್ರಯಾಣಿಕರು ಅದನ್ನು ಲೆಕ್ಕಿಸದೆ ಚೀಲವನ್ನು ಕೈಗೆ ಸುತ್ತಿಕೊಂಡರೆಂದೂ ಅದರಲ್ಲಿತ್ತು. ವಿಮಾ ಕಂಪನಿಗೆ, ಕಾರ್ಟ್ ಕಂಪನಿಗೆ ಅದು ಹೋಗಬೇಕಿತ್ತು. "ಒಂದು ಸಹಿ ಅಷ್ಟೇ. ಆಯಮ್ಮಂಗೆ ಇದ್ರಿಂದ ಏನೂ ಆಗಲ್ಲ," ಎಂದರು ಮ್ಯಾನೇಜರ್. ನಾನು ಹಾಳೆಯನ್ನು ಹಾಗೆಯೇ ಅಲ್ಲಿ ಬಿಟ್ಟೆ. ಆ ರಾತ್ರಿ ಹಲಸೂರಿನ ಮನೆಯಲ್ಲಿ ಕೂತು ನನ್ನದೇ ಹೇಳಿಕೆ ಬರೆದೆ. ನಾಲ್ಕು ಪುಟವಾಯಿತು. ಕಳಿಸುವ ಮುಂಚೆ ಶಾಂತಲಾ ಅವರಿಗೆ ಓದಿ ಹೇಳಬೇಕೆನ್ನಿಸಿ ಮರುದಿನ ವಿಮಾನಪುರಕ್ಕೆ ಹೋದೆ.

ಮ್ಯಾನೇಜರ್ ಏನೂ ಆಗುವುದಿಲ್ಲವೆಂದಿದ್ದರಲ್ಲ, ಆಗಿದ್ದನ್ನು ಅಲ್ಲಿ ನೋಡಿದೆ. ತಪ್ಪು ಶಾಂತಲಾ ಅವರದೇ ಎಂಬ ಮಾತು ಆಗಲೇ ಹಬ್ಬಿತ್ತು. ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿ, ಇಷ್ಟು ವರ್ಷ ಮೆಷಿನ್ ಜೊತೆಗಿದ್ದು ಇಷ್ಟೂ ತಿಳಿಯಲಿಲ್ಲವೇ ಎಂದು ಯಾರೋ ಬರೆದಿದ್ದರು. ಅದಕ್ಕೆ ಮೂವರು ನಗುವ ಮುಖ ಹಾಕಿದ್ದರು. ಶಾಂತಲಾ ಗುಂಪಿನಿಂದ ಹೊರಬಂದಿದ್ದರು, ಫ್ಯಾಕ್ಟರಿ ಗೆಳತಿಯರ ಫೋನ್ ಎತ್ತುವುದನ್ನೂ ಬಿಟ್ಟಿದ್ದರು.

"ಒಂದು ದಿನಾನೂ ಬಳೆ ಹಾಕ್ಕೊಂಡು ಶಾಪ್ ಒಳಗೆ ಕಾಲಿಟ್ಟಿಲ್ಲ ನಾನು," ಎಂದರು. "ಸೆರಗು ಸಿಕ್ಕಿಸ್ಕೊಳ್ರೇ, ಜಡೆ ಮೇಲೆ ಕಟ್ರೇ ಅಂತ ಹೇಳಿ ಹೇಳಿ, ಹೊಸ ಹುಡುಗೀರ ಹತ್ರ ಅತ್ತೆ ಅಂತ ಹೆಸರಿಡಿಸ್ಕೊಂಡೋಳು. ಕೈ ಹೋದ್ರೆ ಹೋಗ್ಲಿ. ನಂಗೆ ಬುದ್ಧಿ ಇರ್ಲಿಲ್ಲ ಅಂತಾರಲ್ಲ, ಅದನ್ನ ಹೇಗ್ ತಡ್ಕೊಳ್ಳಲಿ?"

ನಾನು ಓದತೊಡಗಿದೆ. ಮೇಲೆ ವಿಮಾನ ಹಾರಿದಾಗಲೆಲ್ಲ ನಿಲ್ಲಿಸಬೇಕಾಗುತ್ತಿತ್ತು. ಮ್ಯಾನೇಜರ್ ನಿಯಮ ತೆಗೆಸಿದ್ದು, ಕಾರ್ಟ್ ಕಂಪನಿಗೆ ಬರೆದ ಮೇಲ್, ಗೈಡ್ ಹೇಳಿದ್ದು, ಅಂಗಡಿಯ ಮುಂದೆ ಶಾಂತಲಾ ಕೇಳಿದ್ದು, ಎಲ್ಲ ಇತ್ತು. ಕೊನೆಯವರೆಗೆ ಕೇಳಿ ಅವರು ಪುಟಗಳತ್ತ ಬೆರಳು ತೋರಿಸಿದರು.

"ಗಾಡೀಲಿ ಕೂತ್ಮೇಲೆ ಇನ್ನೊಂದ್ ಸಲ ಕೇಳಿದ್ನಲ್ಲ ಮೇಡಂ. ನೀವೇನೋ ಹೇಳಿದ್ರಿ."

ನಾನು ಮರೆತಿರಲಿಲ್ಲ. ಆ ರಾತ್ರಿ ಬರೆಯುತ್ತ ಅಲ್ಲಿಗೆ ಬಂದಾಗ ಪೆನ್ನು ನಿಂತಿತ್ತು. ಸಿಗ್ನಲ್ ಹಸಿರಾದಲ್ಲಿಂದ ಮತ್ತೆ ಮುಂದುವರಿಸಿದ್ದೆ. ಮ್ಯಾನೇಜರ್ ಮಾಡಿದ್ದನ್ನೇ ನಾನೂ ಮಾಡಿದ್ದೆ. ಒಂದು ಸಾಲು ತೆಗೆದು ಉಳಿದವುಗಳನ್ನು ಒತ್ತೊತ್ತಾಗಿ ಜೋಡಿಸಿದ್ದೆ. ಶಾಂತಲಾ ಅವರ ಎದುರಿಗೇ, ಪುಟದ ಅಂಚಿನಲ್ಲಿ ಬರೆದೆ: ಪಟ್ಟಿ ಸಿಕ್ಕಿಕೊಳ್ಳಬಹುದೆಂದು ಇವರು ನನ್ನನ್ನು ಎಚ್ಚರಿಸಿದರು, ಕೈಗೆ ಸುತ್ತಿಕೊಳ್ಳಿ ಎಂದು ನಾನೇ ಹೇಳಿದೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಶಾಂತಲಾ ತಲೆಯಾಡಿಸಿ, ಅದರದೊಂದು ಪ್ರತಿ ತಮಗೂ ಬೇಕೆಂದರು. ಫ್ಯಾಕ್ಟರಿ ಗೆಳತಿಯರಿಗೆ ತೋರಿಸಲು.

ಹೇಳಿಕೆ ಹೋದ ಮೇಲೆ ಪ್ರಯಾಣಿಕರ ಅಜಾಗರೂಕತೆ ಎಂಬ ಮಾತನ್ನು ವಿಮಾ ಕಂಪನಿ ಕೈಬಿಟ್ಟಿತು. ಕಚೇರಿ ನನ್ನನ್ನು ಕೈಬಿಟ್ಟಿತು. ಶಾಂತಲಾ ಎಡಗೈಯನ್ನು ಈಗಲೂ ಭುಜಕ್ಕಿಂತ ಮೇಲೆ ಎತ್ತಲಾರರು.

ಅನುವಾದದಲ್ಲಿ ತಪ್ಪು ಬರೆದರೆ ಒಂದಲ್ಲ ಒಂದು ದಿನ ಯಾರಾದರೂ ಹಿಡಿಯುತ್ತಾರೆ. ಬಿಟ್ಟದ್ದನ್ನು ಹಿಡಿಯಲು ಓದುವವರಿಗೆ ದಾರಿಯೇ ಇಲ್ಲ. ಅವರು ನಮ್ಮನ್ನು ನಂಬಿ ಸಹಿ ಹಾಕುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ಇನ್ನೊಬ್ಬರ ಕೈ ಮುರಿದ ಮೇಲೆ. ಈಗ ನಾನು ಸ್ವತಂತ್ರವಾಗಿ ಅನುವಾದ ಮಾಡುತ್ತೇನೆ. ಪ್ರತಿ ಹಾಳೆಯ ತಲೆಯ ಮೇಲೆ ಮೂಲದಲ್ಲಿ ಎಷ್ಟು ನಿಯಮ, ಇದರಲ್ಲಿ ಎಷ್ಟು ಎಂದು ಬರೆದು ಸಹಿ ಮಾಡುತ್ತೇನೆ. ಕಳೆದ ತಿಂಗಳು ಒಂದು ಪ್ರವಾಸ ಕಚೇರಿಯವರು, ಆ ಸಾಲು ಚೆನ್ನಾಗಿ ಕಾಣುವುದಿಲ್ಲ, ತೆಗೆಯಬಹುದೇ ಎಂದು ಕೇಳಿದರು. ನಾನು ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ.