ಬೇವಿನ ತವರು

ಕೆಮ್ಮು. ಗುಡ್ಡದ ಮೇಲಿನ ಹಳೆಯ ಗುಡಿಯ ಮೆಟ್ಟಿಲು ಹತ್ತಿ ಮುಗಿಯುವ ಹೊತ್ತಿಗೆ ಶರಣಮ್ಮ ಗಟ್ಟಿಯಾಗಿ ಕೆಮ್ಮುತ್ತಿದ್ದಳು. ನೆಗಡಿಯಲ್ಲ, ದಮ್ಮೂ ಅಲ್ಲ. ಗುಡಿಯ ಅಂಗಳದ ಅರಳಿಮರ ಆಕೆಯ ಅಳಿಯ. ಹೇಳದೆ ಕೇಳದೆ ಅಳಿಯನ ಎದುರು ಹೋಗಿ ನಿಂತರೆ ಮರ್ಯಾದೆಯೇ? ಕೆಮ್ಮಿ, ಸೆರಗನ್ನು ತಲೆಯ ಮೇಲೆಳೆದುಕೊಂಡು, ಅವನಿಗೆ ಓರೆಯಾಗಿ ನಿಂತು, ಪಕ್ಕದ ಬೇವಿನಮರವನ್ನು ಮಾತ್ರ ಮಾತಾಡಿಸುತ್ತಿದ್ದಳು: "ಆರಾಮದಿ ಏನವಾ ಮಗಳ?"

ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಮಸ್ಕಿಗೆ ಬಂದು, ಇಲ್ಲಿಯೇ ಟೀಚರಾದವಳು ನಾನು. ಮೊದಲ ಸಲ ಕಂಡಾಗ 'ಹೌ ಸ್ವೀಟ್' ಅಂದುಕೊಂಡಿದ್ದೆ. ಅದರ ಹಿಂದಿನ ಕಥೆ ಹೇಳಿದವಳೂ ಶರಣಮ್ಮನೇ. ಪಾಮನಕಲ್ಲೂರಿನ ಕುರಿ ಕಾಯುವ ಹುಡುಗಿಯೊಬ್ಬಳು ಯಾವ ಕಾಲದಲ್ಲೋ ಈ ಗುಡ್ಡ ಹತ್ತಿ, ಕೈಯಲ್ಲಿದ್ದ ಬೇವಿನ ಕೋಲನ್ನು ಅರಳಿಯ ಪಕ್ಕದಲ್ಲಿ ಊರಿ, ದೇವರಿಗೆ ಕೈಮುಗಿದಳಂತೆ. ಕಣ್ಣು ತೆರೆಯುವಷ್ಟರಲ್ಲಿ ಕೋಲು ಚಿಗುರಿತ್ತು. ಹುಡುಗಿ ಮತ್ತೆ ಮನೆಗೆ ಹೋಗಲಿಲ್ಲ, ಆ ಮರವೇ ಆಗಿ ಅರಳಿಯ ಹೆಂಡತಿಯಾದಳು. ತವರು ಕಾಣದ ಮಗಳಿಗೆ ವರ್ಷಕ್ಕೊಮ್ಮೆ ಅವಳ ಊರಿನ ಒಂದು ಮನೆಯವರು ತವರಾಗಿ ಬಂದು ಉಡಿ ತುಂಬಬೇಕು: ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಕುಪ್ಪಸದ ಖಣ. ಹೆಣ್ಣುಮಕ್ಕಳಿಲ್ಲದ ಮನೆಗೇ ಆ ಹಕ್ಕು. ಮಕ್ಕಳೇ ಇಲ್ಲದ ಶರಣಮ್ಮ ಅದನ್ನು ಕೇಳಿ ಪಡೆದಿದ್ದಳು.

ಯಾರಾದರೂ ಅಯ್ಯೋ ಪಾಪ ಅಂದರೆ ಬಿಡುತ್ತಿರಲಿಲ್ಲ. "ಮಸ್ಕ್ಯಾಗ ಕೊಟ್ಟೀನಲ್ರೀ ಮಗಳ್ನ! ಅಳಿಯ ಕುಡಿಯಂಗಿಲ್ಲ, ಹೊಡಿಯಂಗಿಲ್ಲ. ನಿಮ್ಮ ಅಳಿಯಗಿಂತ ಛಲೋ ಅದಾನ."

ಗಂಡ ತೀರಿಕೊಂಡಾಗ, ವಿಧವೆ ಉಡಿ ತುಂಬಬಾರದೆಂದು ಊರಿನವರು ತಕರಾರು ತೆಗೆದರು. "ಗಂಡ ಸತ್ರ ತಾಯ್ತನಾನೂ ಸಾಯ್ತೈತೇನ್ರಿ?" ಎಂದಳು. ಆ ವರ್ಷವೂ ತಾನೇ ಉಡಿ ತುಂಬಿದಳು.

ಕೆಲವು ವರ್ಷಗಳ ಹಿಂದೆ ಭಕ್ತರೆಲ್ಲ ಸೇರಿ ಮರಗಳಿಗೆ ಸಿಮೆಂಟಿನ ಕಟ್ಟೆ ಕಟ್ಟಿಸಿದರು. ಬೇವಿನ ಬೊಡ್ಡೆಗೆ ತಾಗುವಂತೆ ಟೈಲ್ಸ್. ಎಲ್ಲರಿಗಿಂತ ಹಿಗ್ಗಿದವಳು ಶರಣಮ್ಮ. ಮೊಣಕಾಲೂರಿ ಕುಳಿತು ಹಸಿ ಸಿಮೆಂಟನ್ನು ಅಂಗೈಯಿಂದ ಸವರಿದಳು. "ಮಳಿ ಬಂದ್ರ ಮಗಳ ಕಾಲು ರಾಡ್ಯಾಗ ಇರ್ತಿದ್ವು ಅಕ್ಕಾರ. ಇನ್ನ ರಾಣಿ ಆದ್ಲು." ಅಕ್ಕಾರ ಎಂದರೆ ಟೀಚರಮ್ಮ, ಅಂದರೆ ನಾನು.

ರಾಣಿ ಹೆಚ್ಚು ದಿನ ತಡೆಯಲಿಲ್ಲ. ಅರಳಿಯ ಬೇರು ಗುಡಿಯ ಗೋಡೆಯ ಸಂದಿನೊಳಗೆ ಇಳಿದಿತ್ತು, ಬದುಕಿತು. ಬೇವು ತುದಿಯಿಂದ ಒಣಗುತ್ತಾ ಬಂತು. ಶರಣಮ್ಮ ಹಾರೆ ತಂದು ಕಟ್ಟೆ ಒಡೆದಳು, ಕೊಡಗಟ್ಟಲೆ ನೀರು ಹೊತ್ತಳು. ಟೂ ಲೇಟ್. ಕೊನೆಗೆ ಒಣಗಿದ ತೊಗಟೆಯನ್ನು ಸವರುತ್ತಾ, "ಉಸಿರಾಡಾಕ ಜಾಗಾನ ಬಿಡ್ಲಿಲ್ರೀ ನಾವು. ಸಿಂಗಾರ ಮಾಡಾಕ ಹೋಗಿ ಕುತ್ತಿಗಿ ಹಿಸುಕಿದ್ವಿ" ಎಂದಳು.

ಈಗ ಶರಣಮ್ಮನೂ ಇಲ್ಲ. ನಾನು ಆಕೆಯನ್ನು ಕೊನೆಯ ಸಲ ಕಂಡದ್ದು ಹೋದ ವರ್ಷ, ಹೊಸ ಬೇವಿನ ಸಸಿ ನೆಟ್ಟು ಅರಳಿಗೆ ಮತ್ತೆ ಮದುವೆ ಮಾಡಿದ ದಿನ. ತವರಾಗಿ ನಿಲ್ಲಲು ಆಕೆಗೇ ಹೇಳಿ ಕಳಿಸಿದ್ದರು. ಬರಲಾರಳು ಅಂದುಕೊಂಡಿದ್ದೆ. ಬಂದಳು. ಅಕ್ಕಿ, ಕೊಬ್ಬರಿ, ಹಸಿರು ಖಣ ಎಲ್ಲ ತಂದು ಸಸಿಯ ಮುಂದೆ ಕುಳಿತಳು.

"ತುಂಬವಾ, ಹೊತ್ತು ಮೀರಾಕತ್ತೈತಿ," ಅಂದ ಪೂಜಾರಿ.

ಅಕ್ಕಿ ಹಿಡಿದ ಮುಷ್ಟಿ ಅಲ್ಲಿಯೇ ನಿಂತಿತು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಸೆರಗಿನೊಳಗೆ ಸುರಿದಳು. "ನೀವು ತುಂಬ್ರಿ ಅಕ್ಕಾರ. ಈ ಕೂಸಿಂದೇನು ತಪ್ಪೈತಿ, ಬರಿ ಉಡೀಲೆ ನಿಲ್ಲಬಾರ್ದು. ಆದ್ರ ನನ್ನ ಕೈ ಹೋಗವಲ್ದು."

ನಾನು ತುಂಬಿದೆ. ಊಟಕ್ಕೆ ಎಲೆ ಹಾಸುವಷ್ಟರಲ್ಲಿ ಆಕೆ ಚಪ್ಪಲಿ ಮೆಟ್ಟುತ್ತಿದ್ದಳು. "ಉಂಡು ಹೋಗು ಶರಣಮ್ಮ, ಪ್ಲೀಸ್" ಎಂದೆ.

"ಮಗಳಿಲ್ಲದ ಮನ್ಯಾಗ ಬೀಗರ ಊಟ ಹ್ಯಾಂಗ ಉಣ್ಲಿರಿ?"

ಅಷ್ಟೇ ಹೇಳಿ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದಳು.