ಎಷ್ಟು ಭಾರ ಹೊರುತ್ತದೆ?

ಪಂಕಜಾ ಟೊರ್ರಿ ಪೈನ್ಸ್‌ನ ಒಂದು ಬಯೋಟೆಕ್ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಮಿಲಿಗ್ರಾಂ ಲೆಕ್ಕದಲ್ಲಿ ಪುಡಿ ತೂಗುತ್ತಿದ್ದವಳು. ಗಂಡ ರೇವಣಸಿದ್ದಪ್ಪ ಸೊರೆಂಟೊ ವ್ಯಾಲಿಯಲ್ಲಿ ಟೆಲಿಕಾಂ ಇಂಜಿನಿಯರ್. ೨೦೧೪ರಲ್ಲಿ ಅವನ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ಮನೆಯಲ್ಲೇ ಡಯಾಲಿಸಿಸ್. ದಿನಕ್ಕೆ ನಾಲ್ಕು ಸಲ ಚೀಲದಿಂದ ಹೊಟ್ಟೆಯೊಳಕ್ಕೆ ದ್ರವ ಇಳಿಸಿಕೊಂಡು, ಕೆಲವು ಗಂಟೆ ಬಿಟ್ಟು ಹೊರಹಾಕಬೇಕು. ಒಂದು ದಿನಕ್ಕೆ ಚೀಲಗಳ ಒಂದು ಪೆಟ್ಟಿಗೆ ಖರ್ಚು. ಎರಡು ವರ್ಷ ಅವನು ಊರು ಬಿಟ್ಟು ಕದಲಲಿಲ್ಲ.

"ಗ್ರ್ಯಾಂಡ್ ಕ್ಯಾನ್ಯನ್ ಒಂದ ನೋಡೂದು ಉಳದೈತಿ," ಎಂದು ಒಂದು ಸಂಜೆ ಸುಮ್ಮನೆ ಅಂದ.

ಪಂಕಜಾ ಸುಮ್ಮನಿರಲಿಲ್ಲ. ಹಾಸಿಗೆ, ಅಡುಗೆಮನೆ, ಬಚ್ಚಲು ಎಲ್ಲ ಇರುವ ಟ್ರೈಲರ್ ಇದ್ದರೆ ಪೆಟ್ಟಿಗೆಗಳ ಸಮೇತ ಹೊರಡಬಹುದಲ್ಲ? ನಾರ್ತ್‌ರಿಜ್‌ನಲ್ಲಿ ಒಂದು ಮಾರಾಟಕ್ಕಿತ್ತು. ಇಪ್ಪತ್ತೆಂಟು ಅಡಿ ಉದ್ದ. ಗುಂಡಿ ಒತ್ತಿದರೆ ಗೋಡೆಯೇ ಹೊರಕ್ಕೆ ಸರಿದು ಹಾಲ್ ಅಗಲವಾಗುತ್ತಿತ್ತು. ಇಬ್ಬರೂ ಮರುಳಾದರು. ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಪಿಕಪ್ ಇದನ್ನು ಎಳೆಯುತ್ತದೆಯೇ? ಆರಾಮಾಗಿ ಎಳೆಯುತ್ತದೆ ಎಂದ ಮಾರುವವನು. ಅದು ಸುಳ್ಳಾಗಿರಲಿಲ್ಲ.

ಮೂರು ವಾರಕ್ಕೆ ಇಪ್ಪತ್ತೊಂದು ಪೆಟ್ಟಿಗೆ ಒಳಗಿಟ್ಟರು. ನೀರಿನ ಟ್ಯಾಂಕ್ ಕಂಠಪೂರ್ತಿ ತುಂಬಿಸಿದರು. ಅಕ್ಕಿ, ಜೋಳದ ಹಿಟ್ಟು, ಕುಕ್ಕರ್, ಮಿಕ್ಸಿ, ಚಳಿಯ ಬಟ್ಟೆ ಎಲ್ಲ ಸೇರಿತು. ೨೦೧೬ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹೊರಟರು. ಪಂಕಜಾ ಡ್ರೈವ್ ಮಾಡುತ್ತಿದ್ದಳು.

ಎಸ್ಕಾಂಡಿಡೊ ದಾಟಿ ಹತ್ತು ಮೈಲಿಯೂ ಆಗಿರಲಿಲ್ಲ, ಹಿಂದಿನಿಂದ ಬಾಂಬು ಬಿದ್ದಂಥ ಸದ್ದು. ಕನ್ನಡಿಯಲ್ಲಿ ಕಪ್ಪು ರಬ್ಬರಿನ ತುಂಡುಗಳು ಹಾರುತ್ತಿದ್ದವು. ಟ್ರೈಲರ್ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಪಿಕಪ್ಪನ್ನೂ ಎಳೆದಾಡತೊಡಗಿತು.

"ಬ್ರೇಕ್ ಒತ್ತಬ್ಯಾಡ! ಸ್ಟೇರಿಂಗ್ ಗಟ್ಟಿ ಹಿಡಿ!" ರೇವಣಸಿದ್ದಪ್ಪ ಕೂಗಿದ.

ಹೇಗೋ ರಸ್ತೆಯಂಚಿಗೆ ಬಂದು ನಿಂತರು. ಪಂಕಜಾಳ ಬೆರಳುಗಳು ಸ್ಟೇರಿಂಗ್ ಬಿಡಲೇ ಒಪ್ಪಲಿಲ್ಲ. ಗಂಡನೇ ಒಂದೊಂದಾಗಿ ಬಿಡಿಸಿದ.

ಟೈರ್ ಬದಲಿಸಲು ಬಂದ ಮೆಕ್ಯಾನಿಕ್ ಒಳಗೆ ಇಣುಕಿ ಪೆಟ್ಟಿಗೆಗಳ ಸಾಲು ನೋಡಿದ. ಬಾಗಿಲ ಪಕ್ಕ ಅಂಟಿಸಿದ್ದ ಅಂಗೈಯಗಲದ ಸ್ಟಿಕ್ಕರಿನ ಮೇಲೆ ಬೆರಳಿಟ್ಟ. ಈ ಗಾಡಿಯಲ್ಲಿ ಹೇರಬಹುದಾದ ಸಾಮಾನು ೭೯೦ ಪೌಂಡು, ಅದರ ಮೇಲೆ ಒಂದು ಪೌಂಡೂ ಕೂಡದು ಎಂದಿತ್ತು. ತುಂಬಿದ ಟ್ಯಾಂಕಿನ ನೀರೇ ೩೩೦. ಅದೂ ಈ ಲೆಕ್ಕದೊಳಗೇ.

ಪಂಕಜಾ ಮನಸ್ಸಿನಲ್ಲೇ ಕೂಡಿದಳು. ಪೆಟ್ಟಿಗೆ ಒಂದಕ್ಕೆ ಇಪ್ಪತ್ತೈದು ಪೌಂಡು. ಬರೀ ಔಷಧಿ ಮತ್ತು ನೀರಿಗೇ ಮಿತಿ ಮೀರಿತ್ತು. ಉಳಿದದ್ದೆಲ್ಲ ಅದರ ಮೇಲೆ. ಅವಳು ರಸ್ತೆಯಂಚಿನ ಕಲ್ಲಿನ ಮೇಲೆ ಕೂತಳು.

"ಕೊಂದೇಬಿಡ್ತಿದ್ದೆ ರೀ ನಿಮ್ಮನ್ನ. ದಿನಾ ತೂಗೋದೇ ನನ್ನ ಕೆಲಸ. ಇದನ್ನ ತೂಗ್ಲಿಲ್ಲ."

"ನಾನೂ ಇಂಜಿನಿಯರ್ ಅದೀನಿ. ನಾನೂ ಓದಲಿಲ್ಲ," ಎಂದ ಅವನು.

ನೀರು ಖಾಲಿ ಮಾಡಿ, ಅರ್ಧ ಪೆಟ್ಟಿಗೆಗಳನ್ನು ಪಿಕಪ್ಪಿಗೆ ಹಾಕಿಕೊಂಡು ನಿಧಾನವಾಗಿ ಮನೆಗೆ ಮರಳಿದರು. ನಾಲ್ಕು ದಿನ ಪಂಕಜಾ ಕಾರಿನ ಕೀ ಮುಟ್ಟಲಿಲ್ಲ. ಐದನೆಯ ದಿನ ಸ್ನಾನದ ಕೋಣೆಯ ತೂಕದ ಯಂತ್ರ ಹೊರತಂದು ಮಿಕ್ಸಿಯಿಂದ ಹಿಡಿದು ಹೊದಿಕೆಯವರೆಗೆ ಒಂದೊಂದನ್ನೇ ತೂಗಿ ಬರೆದಳು. ನೀರು, ಪೆಟ್ಟಿಗೆಗಳೂ ಸೇರಿ ಒಟ್ಟು ೧,೩೬೦ ಪೌಂಡು.

ಆಮೇಲೆ ವಾರವಾರ ಟ್ರೈಲರ್ ಅಂಗಡಿಗಳನ್ನು ಸುತ್ತಿದರು. ಪಂಕಜಾ ಒಳಗೆ ಕಾಲಿಡುವ ಮುಂಚೆ ಬಾಗಿಲ ಪಕ್ಕ ಬಗ್ಗುತ್ತಿದ್ದಳು. ಅಲ್ಲಿ ಕಂಡದ್ದು ಅವಳನ್ನು ಮತ್ತೆ ದಂಗುಬಡಿಸಿತು. ಮೂವತ್ತೆರಡು ಅಡಿಯ, ಎರಡು ಟೀವಿ ಇದ್ದ ಅರಮನೆಯಂಥ ಟ್ರೈಲರ್ ಹೊರುತ್ತಿದ್ದುದು ಏಳುನೂರು ಚಿಲ್ಲರೆ ಪೌಂಡು. ಅಲಂಕಾರದ ಭಾರವೇ ಎಲ್ಲ ತಿಂದುಹಾಕಿತ್ತು. ಎಷ್ಟು ಹೊರುತ್ತದೆ ಎಂದು ಕೇಳಿದರೆ ಸೇಲ್ಸ್‌ನವನು ಸೋಫಾದ ಬಣ್ಣ ತೋರಿಸುತ್ತಿದ್ದ.

ಕೊನೆಗೆ ಸಿಕ್ಕಿದ್ದು ಇಪ್ಪತ್ತೆರಡು ಅಡಿಯ ಒಂದು ಬೋಳು ಗಾಡಿ. ಗೋಡೆ ಸರಿಯುವುದಿಲ್ಲ, ಟೀವಿಯಿಲ್ಲ, ಕೆಳಗೆ ದಪ್ಪ ಆಕ್ಸಲ್ಲುಗಳು. ಸ್ಟಿಕ್ಕರಿನಲ್ಲಿ ೨,೩೦೦. ಪಂಕಜಾ ಎರಡು ಸಲ ಓದಿ, ಗಂಡನ ಕೈಲೂ ಓದಿಸಿದಳು. ಹಳೆಯದನ್ನು ಮಾರುವಾಗ ಕೊಳ್ಳಲು ಬಂದ ದಂಪತಿಗೆ ಮೊದಲು ತೋರಿಸಿದ್ದು ಬಾಗಿಲ ಪಕ್ಕದ ಅಂಕಿಯನ್ನೇ. ನಾವಿಬ್ಬರೇ, ಎರಡು ದಿನದ ಪ್ರವಾಸಕ್ಕೆ ಇಷ್ಟು ಸಾಕು ಎಂದು ಒಪ್ಪಿಯೇ ಅವರು ಒಯ್ದರು.

ಮರುವರ್ಷದ ಏಪ್ರಿಲ್‌ನಲ್ಲಿ ಮತ್ತೆ ಹೊರಟರು. ಗಂಟೆಗೊಮ್ಮೆ ನಿಲ್ಲಿಸಿ ಪಂಕಜಾ ಟೈರುಗಳ ಮೇಲೆ ಅಂಗೈಯಿಟ್ಟು ಬಿಸಿ ನೋಡುತ್ತಿದ್ದಳು. ಎರಡನೆಯ ದಿನ ಕ್ಯಾನ್ಯನ್ ತಲುಪಿದರು. ರೇವಣಸಿದ್ದಪ್ಪ ಅಂಚಿನ ಕಟಕಟೆ ಹಿಡಿದು ಕೆಳಕ್ಕೆ ಬಗ್ಗಿ ನೋಡಿದ.

"ಏ ಪಂಕಜಾ, ಇಷ್ಟು ದೊಡ್ಡದೈತಂತ ಯಾರೂ ಹೇಳಿದ್ದಿಲ್ಲಲ್ಲ!"

"ಹೇಳಿದ್ರೂ ನಂಬ್ತಿರ್ಲಿಲ್ಲ ಬಿಡಿ."

ಮಧ್ಯಾಹ್ನದ ಡಯಾಲಿಸಿಸ್ ಚೀಲದ ಹೊತ್ತಾಗಿತ್ತು. ಇಬ್ಬರೂ ಹಿಂತಿರುಗಿ ನೋಡುತ್ತ ನೋಡುತ್ತ ಟ್ರೈಲರಿನತ್ತ ನಡೆದರು.